ಜೇಡಿಮಣ್ಣು: ಎಣ್ಣೆ ತಿನ್ನುವವರಿಗೆ ಮನೆಯೋ, ಎಣ್ಣೆಗೆ ಮರೆಯೋ?

1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೀಜ್’ ಎಂಬ ತೈಲದ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ಬಡಿದು ಸುಮಾರು ನಾಲ್ಕು ಕೋಟಿ ಲೀಟರ್ ಕಚ್ಚಾತೈಲವನ್ನು ಕಡಲಿಗೆ ಚೆಲ್ಲಿತು. ಎರಡು ಸಾವಿರ ಕಿಲೋಮೀಟರಿನಷ್ಟು ಉದ್ದದ ದಡಕ್ಕೆ ಎಣ್ಣೆ ಮೆತ್ತಿಕೊಂಡಿತು. ಬಿಸಿನೀರನ್ನು ರಭಸದಿಂದ ಹಾಯಿಸಿ ಬಂಡೆ ತೊಳೆದರು, ಸೂಕ್ಷ್ಮಜೀವಿಗಳಿಗೆಂದು ಗೊಬ್ಬರ ಹಾಕಿದರು, ಸಾವಿರಾರು ಜನ ಕೈಯಲ್ಲಿ ಬಟ್ಟೆ ಹಿಡಿದು ಕಲ್ಲು ಒರೆಸಿದರು. ಆಮೇಲೆ ದಡಗಳನ್ನು ಪರೀಕ್ಷಿಸುತ್ತ ಹೋದವರಿಗೆ ಒಂದು ಒಗಟು ಎದುರಾಯಿತು. ಅಲೆಗಳ ಹೊಡೆತವಿರುವ ದಡ ತನ್ನನ್ನು ತಾನೇ ತೊಳೆದುಕೊಳ್ಳುವುದು ಸಹಜ. ಆದರೆ ಅಲೆಯೇ ಏಳದ, ಬೆಟ್ಟದ ಮರೆಯಲ್ಲಿ ತಣ್ಣಗೆ ಮಲಗಿದ್ದ ದಡಗಳಲ್ಲೂ ಎಣ್ಣೆ ನಿರೀಕ್ಷೆಗಿಂತ ಬೇಗ ಬಿಟ್ಟುಹೋಗಿತ್ತು. ತೊಳೆದವರು ಯಾರು?

ಕಲ್ಲುಗಳ ನಡುವೆ ಉಳಿದಿದ್ದ ಎಣ್ಣೆಯನ್ನು ಪ್ರಯೋಗಾಲಯಕ್ಕೆ ತಂದು ನೋಡಿದಾಗ ಗುಟ್ಟು ಬಯಲಾಯಿತು. ಅದು ಅಂಟಂಟಾದ ಡಾಂಬರಿನಂತಿರಲಿಲ್ಲ. ಹಿಮನದಿಗಳು ಬಂಡೆಯನ್ನು ಅರೆದು ತಂದ ಹಿಟ್ಟಿನಂಥ ಮಣ್ಣು, ಉಪ್ಪುನೀರು ಮತ್ತು ಎಣ್ಣೆ ಮೂರೂ ಸೇರಿ ಒಂದು ಬಗೆಯ ಮೊಸರಿನ ಹದಕ್ಕೆ ಬಂದಿದ್ದವು. ಚಪಾತಿಯ ಉಂಡೆಗಳಿಗೆ ಒಣಹಿಟ್ಟು ಸವರಿಟ್ಟರೆ ಅವು ಒಂದಕ್ಕೊಂದು ಅಂಟುವುದಿಲ್ಲ, ತಟ್ಟೆಗೂ ಅಂಟುವುದಿಲ್ಲವಲ್ಲ, ಇಲ್ಲಿ ಆದದ್ದೂ ಅದೇ. ಎಣ್ಣೆಯ ಒಂದೊಂದು ಹನಿಯ ಮೈಗೂ ನುಣ್ಣನೆಯ ಮಣ್ಣಿನ ಕಣಗಳು ಹತ್ತಿಕೊಂಡು, ಹನಿಗಳು ಮತ್ತೆ ಕೂಡಿಕೊಳ್ಳದಂತೆ, ಬಂಡೆಗೂ ಮೆತ್ತದಂತೆ ತಡೆದಿದ್ದವು. ಉಬ್ಬರ-ಇಳಿತದ ಸಣ್ಣ ನೂಕಿಗೇ ಅವು ಕಳಚಿಕೊಂಡು ನೀರು ಸೇರುತ್ತಿದ್ದವು. ಎಕ್ಸಾನ್ ಕಂಪನಿಯ ವಿಜ್ಞಾನಿಗಳೇ 1990ರ ದಶಕದಲ್ಲಿ ಇದನ್ನು ವಿವರಿಸಿದರು ಎಂಬುದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಎಣ್ಣೆ ಚೆಲ್ಲಿದವರಿಗೆ ‘ಪ್ರಕೃತಿಯೇ ತೊಳೆಯುತ್ತದೆ’ ಎಂಬ ಮಾತು ಯಾವಾಗಲೂ ಹಿತವಾಗಿ ಕೇಳಿಸುತ್ತದೆ. ಆದರೂ ಸಂಗತಿ ನಿಜವೇ. 1996ರಲ್ಲಿ ‘ಸೀ ಎಂಪ್ರೆಸ್’ ಹಡಗಿನ ಎಣ್ಣೆ ವೇಲ್ಸ್‌ನ ದಡಕ್ಕೆ ಬಂದಾಗ ಎಣ್ಣೆ ಹಿಡಿದ ನುರುಜುಗಲ್ಲುಗಳನ್ನು ಅಲೆಗಳ ಸಾಲಿಗೆ ತಳ್ಳಿ, ಇದೇ ಮಣ್ಣಿನ ಕೆಲಸವನ್ನು ಬೇಕೆಂದೇ ಬಳಸಿಕೊಂಡರು.

ಇಲ್ಲಿಗೆ ಕಥೆಯ ಅರ್ಧ ಮಾತ್ರ ಮುಗಿಯಿತು. ಹನಿಯಾಗಿ ಒಡೆದ ಎಣ್ಣೆಯೂ ಎಣ್ಣೆಯೇ. ಅದನ್ನು ನಿಜವಾಗಿ ಇಲ್ಲವಾಗಿಸುವವರು ಬ್ಯಾಕ್ಟೀರಿಯಾಗಳು. ಜೇಡಿಮಣ್ಣು ಅವರಿಗೆ ನೆರವಾಗುತ್ತದೋ ಅಡ್ಡಿಯಾಗುತ್ತದೋ ಎಂಬುದಕ್ಕೆ ಸುಲಭದ ಉತ್ತರವಿಲ್ಲ. ಎರಡೂ ಆಗುತ್ತದೆ, ಕೆಲವೊಮ್ಮೆ ಒಂದೇ ಮಣ್ಣು ಎರಡನ್ನೂ ಮಾಡುತ್ತದೆ. ಯಾವಾಗ ಯಾವುದು ಎಂಬುದನ್ನು ನಿರ್ಧರಿಸುವುದು ಮಣ್ಣಿನ ಪದರಗಳ ನಡುವೆ ಕುಳಿತಿರುವ, ಕಣ್ಣಿಗೆ ಕಾಣದ ಕೆಲವು ಅಯಾನುಗಳು, ಎಂದರೆ ವಿದ್ಯುದಾವೇಶ ಹೊತ್ತ ಕಣಗಳು.

ಮೊದಲು ತಿನ್ನುವವರ ವಿಷಯ. ಕಚ್ಚಾತೈಲವೆಂದರೆ ಇಂಗಾಲ ಮತ್ತು ಜಲಜನಕ ಸೇರಿ ಆದ ಸಾವಿರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ನೇರ ಸರಪಳಿಯ ಆಲ್ಕೇನ್‌ಗಳು ಬೇಗ ಜೀರ್ಣವಾಗುತ್ತವೆ. ಬೆಂಜೀನಿನ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಬಹುವಲಯ ಆರೊಮ್ಯಾಟಿಕ್‌ಗಳು ನಿಧಾನ. ಡಾಂಬರಿನಂಥ ಆಸ್ಫಾಲ್ಟೀನ್‌ಗಳನ್ನು ಹೆಚ್ಚುಕಡಿಮೆ ಯಾರೂ ಮುಟ್ಟುವುದಿಲ್ಲ. ಭೂಮಿಯ ಬಿರುಕುಗಳಿಂದ ಎಣ್ಣೆ ಕೋಟ್ಯಂತರ ವರ್ಷಗಳಿಂದ ಜಿನುಗುತ್ತಲೇ ಇರುವುದರಿಂದ ಅದನ್ನೇ ಉಂಡು ಬದುಕುವ ಜೀವಿಗಳೂ ಎಲ್ಲೆಡೆ ಇವೆ. ಜರ್ಮನಿಯ ಬೊರ್ಕುಮ್ ದ್ವೀಪದ ಹೆಸರು ಹೊತ್ತ ‘ಆಲ್ಕನಿವೊರಾಕ್ಸ್ ಬೊರ್ಕುಮೆನ್ಸಿಸ್’ಗೆ ಆಲ್ಕೇನ್ ಬಿಟ್ಟರೆ ಬೇರೆ ಊಟ ಹೆಚ್ಚು ರುಚಿಸುವುದಿಲ್ಲ. ಶುದ್ಧ ಸಮುದ್ರದಲ್ಲಿ ಹುಡುಕಿದರೂ ಸಿಗದಷ್ಟು ವಿರಳವಾಗಿರುವ ಇದು ಎಣ್ಣೆ ಬಿದ್ದ ಕೆಲವೇ ದಿನಗಳಲ್ಲಿ ತುಂಬಿ ತುಳುಕುತ್ತದೆ. ಆರೊಮ್ಯಾಟಿಕ್‌ಗಳ ಕಡೆಗೆ ‘ಸೈಕ್ಲೊಕ್ಲಾಸ್ಟಿಕಸ್’ ಇದೆ. ನೆಲದ ಮೇಲೆ ಸೂಡೊಮೊನಾಸ್, ರೋಡೊಕಾಕಸ್ ಮುಂತಾದವು ಇವೆ. ಬಂಗಾಳ ಮೂಲದ ವಿಜ್ಞಾನಿ ಆನಂದ ಚಕ್ರವರ್ತಿ ಎಣ್ಣೆ ತಿನ್ನುವ ಸೂಡೊಮೊನಾಸನ್ನು ರೂಪಿಸಿ, 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರ ಬಹುಮತದಿಂದ ಪೇಟೆಂಟಿನ ಹಕ್ಕನ್ನು ಗೆದ್ದರು. ಆ ತೀರ್ಪು ಕಾನೂನಿನ ಪಠ್ಯಗಳಲ್ಲಿ ಅಮರವಾಯಿತು, ಬ್ಯಾಕ್ಟೀರಿಯಾ ಮಾತ್ರ ಯಾವ ಸೋರಿಕೆಯಲ್ಲೂ ಕೆಲಸಕ್ಕೆ ಇಳಿಯಲಿಲ್ಲ. ತಿನ್ನುವವರು ಅಲ್ಲಿ ಮೊದಲೇ ಇರುತ್ತಾರೆ. ಕೊರತೆ ಇರುವುದು ಉಳಿದದ್ದಕ್ಕೆ.

ಆ ‘ಉಳಿದದ್ದು’ ಯಾವುದು? ಎಣ್ಣೆಯಲ್ಲಿ ಇಂಗಾಲ ಮತ್ತು ಜಲಜನಕ ಧಾರಾಳವಾಗಿವೆ, ಆದರೆ ಬ್ಯಾಕ್ಟೀರಿಯಾ ತನ್ನ ಮೈ ಕಟ್ಟಿಕೊಳ್ಳಲು ಬೇಕಾದ ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲ 100 ಪಾಲಿದ್ದರೆ ಸಾರಜನಕ 10, ರಂಜಕ 1 ಪಾಲು ಬೇಕೆಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಂದಾಜು. ಆಮ್ಲಜನಕದ ಲೆಕ್ಕವಂತೂ ಭಯಂಕರ. ಒಂದು ಗ್ರಾಂ ಎಣ್ಣೆ ಪೂರ್ತಿ ಜೀರ್ಣವಾಗಲು ಮೂರರಿಂದ ನಾಲ್ಕು ಗ್ರಾಂ ಆಮ್ಲಜನಕ ಬೇಕು. ಅಂದರೆ ಒಂದೇ ಒಂದು ಲೀಟರ್ ಎಣ್ಣೆಗೆ ಮೂರು-ನಾಲ್ಕು ಲಕ್ಷ ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವಷ್ಟು. ಇನ್ನೊಂದು ತೊಡಕೂ ಇದೆ: ಬ್ಯಾಕ್ಟೀರಿಯಾ ಬದುಕುವುದು ನೀರಿನಲ್ಲಿ, ಊಟವಿರುವುದು ನೀರಿಗೆ ಬೆರೆಯದ ಎಣ್ಣೆಯಲ್ಲಿ. ಎರಡೂ ಕೂಡುವ ಅಂಚಿನಲ್ಲಿ ಮಾತ್ರ ಪಂಕ್ತಿ ನಡೆಯುತ್ತದೆ. ಒಂದು ಮಿಲಿಮೀಟರ್ ಹನಿಯನ್ನು ಅದರ ನೂರರಲ್ಲೊಂದು ಅಗಲದ ಹನಿಗಳಾಗಿ ಒಡೆದರೆ ಅಂಚು ನೂರು ಪಟ್ಟು ಹಿಗ್ಗುತ್ತದೆ. ಅಲಾಸ್ಕಾದ ದಡದಲ್ಲಿ ಮಣ್ಣು ಮಾಡಿಕೊಟ್ಟ ಮೊದಲ ಉಪಕಾರ ಇದು. ಪಂಕ್ತಿಯ ಎಲೆಗಳ ಸಂಖ್ಯೆ ಹೆಚ್ಚಿಸಿತು.

ಈಗ ಮಣ್ಣಿನ ಒಳಗೆ ಇಳಿಯೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಾವು ಜೇಡಿಮಣ್ಣು ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಹಲವು ಖನಿಜಗಳ ಕುಟುಂಬ. ಎಲ್ಲವೂ ಹಾಳೆಗಳ ಕಟ್ಟುಗಳೇ. ಸಿಲಿಕಾನ್-ಆಮ್ಲಜನಕದ ಒಂದು ಹಾಳೆ, ಅಲ್ಯೂಮಿನಿಯಂ-ಆಮ್ಲಜನಕದ ಒಂದು ಹಾಳೆ, ಇವೆರಡನ್ನು ಹೇಗೆ ಜೋಡಿಸಿದೆ ಎಂಬುದರಲ್ಲಿ ಸ್ವಭಾವ ಬದಲಾಗುತ್ತದೆ. ಕೇಯೋಲಿನೈಟ್‌ನಲ್ಲಿ ಒಂದಕ್ಕೊಂದು ಜೋಡಿ. ಜೋಡಿಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನಡುವೆ ನೀರಿಗೂ ಜಾಗವಿಲ್ಲ. ಮಳೆ ಹೆಚ್ಚಿರುವ ನಮ್ಮ ಕರಾವಳಿಯ ಮಣ್ಣಿನಲ್ಲಿ, ಮಂಗಳೂರು ಹೆಂಚಿನ ಜೇಡಿಯಲ್ಲಿ ಇದರ ಪಾಲು ದೊಡ್ಡದು. ಒಣಗಿದಾಗ ಹೆಚ್ಚು ಕುಗ್ಗದ, ಸುಟ್ಟಾಗ ಆಕಾರ ಕೆಡದ ಸಭ್ಯ ಮಣ್ಣು. ಮಾಂಟ್‌ಮೊರಿಲ್ಲೊನೈಟ್ ಹಾಗಲ್ಲ. ಫ್ರಾನ್ಸಿನ ಮಾಂಟ್‌ಮೊರಿಲ್ಲೋನ್ ಊರಿನಿಂದ ಹೆಸರು ಪಡೆದ ಇದರಲ್ಲಿ ಎರಡು ಸಿಲಿಕಾನ್ ಹಾಳೆಗಳ ನಡುವೆ ಒಂದು ಅಲ್ಯೂಮಿನಿಯಂ ಹಾಳೆ ಸಿಕ್ಕಿಕೊಂಡಿರುತ್ತದೆ. ಹೀಗೆ ಮೂರು ಹಾಳೆ ಸೇರಿದ ಒಂದು ಪದರ ಸುಮಾರು ಒಂದು ನ್ಯಾನೊಮೀಟರ್ ದಪ್ಪ. ಪದರಕ್ಕೂ ಪದರಕ್ಕೂ ನಡುವಿನ ಹಿಡಿತ ಸಡಿಲ. ನೀರು ಒಳಹೊಕ್ಕರೆ ಉಬ್ಬುತ್ತದೆ, ಹೊರಟರೆ ಕುಗ್ಗುತ್ತದೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವುದು ಈ ಖನಿಜದ ಮತ್ತು ಇದರ ಒಡಹುಟ್ಟಿದವರ ಕಾರುಬಾರು. ಮನೆಯ ಅರ್ತಿಂಗ್ ಗುಂಡಿಗೆ ಸುರಿಯುವ ಬೆಂಟೋನೈಟ್ ಪುಡಿ ಕೂಡ ಮುಖ್ಯವಾಗಿ ಇದೇ.

ಇಷ್ಟು ತೆಳು ಹಾಳೆಗಳೆಂದ ಮೇಲೆ ಮೈ ಎಷ್ಟಿರಬೇಡ! ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಎಲ್ಲ ಪದರಗಳನ್ನೂ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರ್. ಬೆಂಗಳೂರಿನ ಮೂವತ್ತು-ನಲವತ್ತರ ಸೈಟುಗಳ ಲೆಕ್ಕದಲ್ಲಿ ಆರೇಳು ಸೈಟು, ಒಂದು ಚಿಟಿಕೆಯಲ್ಲಿ. ಕೇಯೋಲಿನೈಟಿಗೆ ಹತ್ತಿಪ್ಪತ್ತು ಚದರ ಮೀಟರಷ್ಟೆ. ಆದರೆ ಈ ಸೈಟಿನ ಲೆಕ್ಕ ಹೇಳಿ ಓದುಗರನ್ನು ಬೆರಗುಗೊಳಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಬ್ಯಾಕ್ಟೀರಿಯಾದ ಉದ್ದ ಸುಮಾರು ಒಂದು ಮೈಕ್ರೊಮೀಟರ್, ಎಂದರೆ ಸಾವಿರ ನ್ಯಾನೊಮೀಟರ್. ಪದರಗಳ ನಡುವಿನ ಸಂದು ಒಂದೆರಡು ನ್ಯಾನೊಮೀಟರ್. ಆನೆಯನ್ನು ಬಾಗಿಲ ಸಂದಿನಲ್ಲಿ ತೂರಿಸಿದಂತೆ. ಒಳಕೋಣೆಗಳಿಗೆ ಹೋಗಬಲ್ಲವು ನೀರು, ಅಯಾನುಗಳು ಮತ್ತು ಸಣ್ಣ ಅಣುಗಳು ಮಾತ್ರ. ಬ್ಯಾಕ್ಟೀರಿಯಾಗೆ ಸಿಗುವುದು ಜಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯುದಾವೇಶ. ಹಾಳೆ ರೂಪುಗೊಳ್ಳುವಾಗ ಕೆಲವು ಕಡೆ ಅಲ್ಯೂಮಿನಿಯಂ ಕೂರಬೇಕಾದ ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತಿರುತ್ತದೆ. ಅಲ್ಯೂಮಿನಿಯಂ ಮೂರು ಧನ ಆವೇಶ ತರುತ್ತದೆ, ಮೆಗ್ನೀಸಿಯಂ ಎರಡೇ. ಆ ಕೊರತೆಯಿಂದ ಇಡೀ ಹಾಳೆ ಋಣ ಆವೇಶದ್ದಾಗುತ್ತದೆ. ಸಾಲ ತೀರಿಸಲು ಹೊರಗಿನಿಂದ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂನಂಥ ಧನ ಅಯಾನುಗಳು ಬಂದು ಪದರಗಳ ನಡುವೆ ತಂಗುತ್ತವೆ. ಇವು ಕಾಯಂ ನಿವಾಸಿಗಳಲ್ಲ, ಬಾಡಿಗೆದಾರರು. ಸುತ್ತಲಿನ ನೀರಿನಲ್ಲಿ ಬೇರೆ ಅಯಾನು ಹೆಚ್ಚಾದರೆ ಇವರು ಜಾಗ ಬಿಟ್ಟು ಅವರು ಬರುತ್ತಾರೆ. ರೈತರು ಹಾಕಿದ ಅಮೋನಿಯಂ ಗೊಬ್ಬರ ಒಂದೇ ಮಳೆಗೆ ಕೊಚ್ಚಿಹೋಗದೆ ಎರೆಮಣ್ಣಿನಲ್ಲಿ ನಿಲ್ಲುವುದು ಈ ಬಾಡಿಗೆ ವ್ಯವಸ್ಥೆಯಿಂದಲೇ.

ಇಲ್ಲಿಂದ ಎಣ್ಣೆ ತಿನ್ನುವ ಜೀವಿಗಳಿಗೆ ಆಗುವ ಲಾಭ ಸುಲಭವಾಗಿ ಊಹಿಸಬಹುದು. ಅಮೋನಿಯಂ ಈ ಪದರಗಳಲ್ಲಿ ಠೇವಣಿಯಂತೆ ಇದ್ದು ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ಫಾಸ್ಫೇಟ್ ಋಣ ಆವೇಶದ್ದಾದ್ದರಿಂದ ಪದರದೊಳಗೆ ಹೋಗದೆ ಹಾಳೆಗಳ ಮುರಿದ ಅಂಚುಗಳಿಗೆ ಹತ್ತಿಕೊಳ್ಳುತ್ತದೆ. ಸಮುದ್ರಕ್ಕೆ ಗೊಬ್ಬರ ಚೆಲ್ಲಿದರೆ ಅಲೆ ಅದನ್ನು ಎಲ್ಲಿಗೋ ಒಯ್ಯುತ್ತದೆ. ಜೇಡಿಯ ಮೇಲೆ ಕೂರಿಸಿ ಕೊಟ್ಟರೆ ಎಣ್ಣೆಯ ಹನಿಯ ಪಕ್ಕದಲ್ಲೇ ಉಳಿಯುತ್ತದೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ಲಾರೆನ್ಸ್ ವಾರ್ ಮತ್ತು ಸಂಗಡಿಗರು ಹಲವು ವರ್ಷ ಬೆನ್ನು ಹತ್ತಿದ್ದು ಈ ಉಪಾಯವನ್ನೇ: ಪೋಷಕಾಂಶ ತುಂಬಿದ ಜೇಡಿಯನ್ನು ಕಡಲ ಎಣ್ಣೆಯ ಮೇಲೆ ಉದುರಿಸುವುದು.

ಮಣ್ಣು ಆಮ್ಲವನ್ನೂ ಹೀರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಎಣ್ಣೆ ತಿನ್ನುತ್ತಿದ್ದಂತೆ ಕೊಬ್ಬಿನಾಮ್ಲಗಳಂಥ ಎಂಜಲು ಉಳಿಯುತ್ತದೆ. ಜಾಗ ಹುಳಿಯಾದರೆ ತಿನ್ನುವವರೇ ಮಂಕಾಗುತ್ತಾರೆ. ಜಲಜನಕದ ಅಯಾನುಗಳನ್ನು ತಾನು ತೆಗೆದುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಡುವ ಮಾಂಟ್‌ಮೊರಿಲ್ಲೊನೈಟ್ ಹುಳಿಯೇರದಂತೆ ನೋಡಿಕೊಳ್ಳುತ್ತದೆ. ಇದು ಎಣ್ಣೆಯ ಸಂಶೋಧನೆಯಿಂದ ತಿಳಿದದ್ದಲ್ಲ. 1960ರ ದಶಕದಲ್ಲಿ ಗುಂಥರ್ ಸ್ಟಾಟ್ಜ್ಕಿ ಎಂಬ ವಿಜ್ಞಾನಿ ಮಧ್ಯ ಅಮೆರಿಕದ ಬಾಳೆತೋಟಗಳಲ್ಲಿ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಕೆಲವು ಮಣ್ಣುಗಳಲ್ಲಿ ಬೇಗ ಹರಡುತ್ತದೆ, ಕೆಲವದರಲ್ಲಿ ತೆವಳುತ್ತದೆ, ಏಕೆ ಎಂದು ಹುಡುಕುತ್ತ ಹೋದರು. ನಿಧಾನವಾಗಿ ಹರಡುವ ಮಣ್ಣುಗಳಲ್ಲಿ ಮಾಂಟ್‌ಮೊರಿಲ್ಲೊನೈಟ್ ಜಾತಿಯ ಜೇಡಿ ಇತ್ತು. ಈ ಜೇಡಿ ಆ ಶಿಲೀಂಧ್ರಕ್ಕೆ ಪೈಪೋಟಿ ಕೊಡುವ ಬ್ಯಾಕ್ಟೀರಿಯಾಗಳ ಉಸಿರಾಟವನ್ನು ಚುರುಕುಗೊಳಿಸುತ್ತದೆ, ಕೇಯೋಲಿನೈಟಿಗೆ ಆ ಗುಣ ಅಷ್ಟಾಗಿ ಇಲ್ಲ ಎಂದು ಅವರು ಆಮೇಲೆ ತೋರಿಸಿದರು. ನಮ್ಮ ಬಾಳೆ ಬೆಳೆಗಾರರ ನಿದ್ದೆ ಕೆಡಿಸಿರುವ ರೋಗದ ಬೆನ್ನು ಹತ್ತಿ ಹೋದವರು ಮಣ್ಣಿಗೂ ಸೂಕ್ಷ್ಮಜೀವಿಗೂ ಇರುವ ನಂಟಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು.

ಇನ್ನು ಮನೆಯ ವಿಷಯ. ಜೇಡಿಯ ಕಣವೂ ಬ್ಯಾಕ್ಟೀರಿಯಾವೂ ಗಾತ್ರದಲ್ಲಿ ಹೆಚ್ಚುಕಡಿಮೆ ಸರಿಸಮ. ಹಾಗಾಗಿ ‘ಮಣ್ಣಿನ ಮೇಲೆ ಬ್ಯಾಕ್ಟೀರಿಯಾ ಕೂರುತ್ತದೆ’ ಎನ್ನುವುದಕ್ಕಿಂತ ‘ಬ್ಯಾಕ್ಟೀರಿಯಾ ಮಣ್ಣನ್ನು ಹೊದ್ದುಕೊಳ್ಳುತ್ತದೆ’ ಎನ್ನುವುದು ಸರಿ. 2000ದಲ್ಲಿ ಜರ್ಮನಿಯ ಸಂಶೋಧಕರು ಪಿಸಿಬಿ ಎಂಬ ವಿಷಕಾರಿ ಎಣ್ಣೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅವು ಜೇಡಿಯ ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಒಂದಕ್ಕೊಂದು ಆನಿಸಿ ಸುತ್ತ ನಿಲ್ಲಿಸಿಕೊಂಡಿದ್ದವು. ಆ ರಚನೆಗಳಿಗೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ‘ಜೇಡಿಯ ಗೂಡು’ ಎನ್ನಬಹುದು. ಗೂಡಿನ ಒಳಗೆ ತೇವ ಉಳಿಯುತ್ತದೆ, ಪೋಷಕಾಂಶ ಸಿಗುತ್ತದೆ. ಬ್ಯಾಕ್ಟೀರಿಯಾಗಳನ್ನು ಮೇಯುವ ಪ್ರೊಟೊಜೋವಾಗಳು ಸಂದಿಯಲ್ಲಿ ತೂರಲಾರವು. ಬೇಳೆಕಾಳಿನ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂಗೆ ಬೆಂಟೋನೈಟ್ ಇದೇ ಬಗೆಯ ರಕ್ಷಣೆ ಕೊಡುವುದನ್ನು ಡಚ್ ಸಂಶೋಧಕರು 1980ರ ದಶಕದಲ್ಲೇ ಕಂಡಿದ್ದರು.

ಆದರೆ ಒಂದು ಪ್ರಶ್ನೆ ಏಳಬೇಕು. ಜೇಡಿಯ ಹಾಳೆ ಋಣ ಆವೇಶದ್ದು. ಬ್ಯಾಕ್ಟೀರಿಯಾದ ಮೈಯೂ ಸಾಮಾನ್ಯವಾಗಿ ಋಣ ಆವೇಶದ್ದೇ. ಇಬ್ಬರೂ ಒಬ್ಬರನ್ನೊಬ್ಬರು ದೂರ ತಳ್ಳಬೇಕಲ್ಲ, ಒಂದಾಗುವುದು ಹೇಗೆ? ನಡುವೆ ಒಬ್ಬ ದಲ್ಲಾಳಿ ಬೇಕು. ಎರಡು ಅಥವಾ ಮೂರು ಧನ ಆವೇಶವಿರುವ ಕ್ಯಾಲ್ಸಿಯಂ, ಕಬ್ಬಿಣದಂಥ ಅಯಾನು ಒಂದು ಕೈಯಲ್ಲಿ ಹಾಳೆಯನ್ನು, ಇನ್ನೊಂದು ಕೈಯಲ್ಲಿ ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತದೆ. ಒಂದೇ ಕೈಯಿರುವ ಸೋಡಿಯಂ, ಪೊಟ್ಯಾಸಿಯಂಗಳಿಂದ ಇದು ಆಗದ ಕೆಲಸ. ಬಾಡಿಗೆದಾರ ಯಾರು ಎಂಬುದು ಇಷ್ಟು ಮುಖ್ಯವಾಗುವುದು ಇಲ್ಲಿ.

ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದವರು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಉಗೊಚುಕ್ವು, ಮ್ಯಾನಿಂಗ್ ಮತ್ತು ಫಿಯಾಲಿಪ್ಸ್. 2014ರ ಸುಮಾರಿಗೆ ಅವರ ಪ್ರಬಂಧಗಳು ಸಾಲಾಗಿ ಬಂದವು. ಉಪಾಯ ಸರಳ. ಒಂದೇ ಮಾಂಟ್‌ಮೊರಿಲ್ಲೊನೈಟನ್ನು ಪಾಲು ಮಾಡಿ, ಒಂದೊಂದು ಪಾಲನ್ನೂ ಒಂದೊಂದು ಲೋಹದ ಕ್ಲೋರೈಡಿನ ದ್ರಾವಣದಲ್ಲಿ ನೆನೆಸಿ, ಹಳೆಯ ಬಾಡಿಗೆದಾರರನ್ನೆಲ್ಲ ಬಿಡಿಸಿ ಒಂದೇ ಜಾತಿಯ ಅಯಾನನ್ನು ತುಂಬುವುದು. ಆಮೇಲೆ ಬಾಟಲಿಯಲ್ಲಿ ನೀರು, ಕಚ್ಚಾತೈಲ, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಗುಂಪು, ಜೊತೆಗೆ ಈ ಮಣ್ಣು. ಖನಿಜ ಒಂದೇ, ಹಾಳೆ ಒಂದೇ, ಎಣ್ಣೆ ಒಂದೇ. ಬೇರೆಯಾಗಿರುವುದು ಪದರಗಳ ನಡುವಿನ ಅಯಾನು ಮಾತ್ರ.

ಕ್ಯಾಲ್ಸಿಯಂ ತುಂಬಿದ ಮಣ್ಣಿನಲ್ಲೂ ಕಬ್ಬಿಣ ತುಂಬಿದ ಮಣ್ಣಿನಲ್ಲೂ ಬಹುವಲಯ ಆರೊಮ್ಯಾಟಿಕ್‌ಗಳ ಜೈವಿಕ ವಿಘಟನೆ, ಎಂದರೆ ಬ್ಯಾಕ್ಟೀರಿಯಾ ತಿಂದು ಒಡೆಯುವ ಕೆಲಸ, ಗಮನಾರ್ಹವಾಗಿ ಹೆಚ್ಚಿತು. ಪೊಟ್ಯಾಸಿಯಂ ಮತ್ತು ಸತುವಿನ ಮಣ್ಣುಗಳಲ್ಲಿ ಹೆಚ್ಚಲಿಲ್ಲ. ಆದರೆ ಆ ಎರಡರಲ್ಲೂ ನೀರಿನಿಂದ ಆರೊಮ್ಯಾಟಿಕ್‌ಗಳು ಕಾಣೆಯಾಗಿದ್ದವು! ಎಣ್ಣೆಗೆ ಐದು ಪಟ್ಟು ತೂಕದ ಮಣ್ಣು ಹಾಕಿದ್ದಾಗ ಸುಮಾರು 45 ಪ್ರತಿಶತ. ಯಾರೂ ತಿಂದಿರಲಿಲ್ಲ. ಮಣ್ಣಿನ ಮೈಗೆ ಅಂಟಿ ಕುಳಿತಿದ್ದವು. ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ.

ಪೊಟ್ಯಾಸಿಯಂ ಹೀಗೆ ಮಾಡುವುದಕ್ಕೆ ಕಾರಣ ಅದರ ಒಣ ಸ್ವಭಾವ. ಕ್ಯಾಲ್ಸಿಯಂ ತನ್ನ ಸುತ್ತ ನೀರಿನ ಅಣುಗಳ ದಪ್ಪ ಕವಚ ಹೊದ್ದು ಪದರಗಳನ್ನು ಅಗಲವಾಗಿ ತೆರೆದಿಡುತ್ತದೆ. ಪೊಟ್ಯಾಸಿಯಂ ನೀರನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಹಾಳೆಯ ಮೈಮೇಲಿನ ಆರುಕೋನದ ಗುಳಿಗಳಲ್ಲಿ ಸರಿಯಾಗಿ ಕೂರುತ್ತದೆ, ಪದರಗಳು ಹತ್ತಿರ ಬಂದು ಮುಚ್ಚಿಕೊಳ್ಳುತ್ತವೆ. ನೀರಿನ ಹೊದಿಕೆ ಕಡಿಮೆಯಾದ ಮೈ ಎಣ್ಣೆಯ ಅಣುಗಳಿಗೆ ಒಗ್ಗುತ್ತದೆ, ಬೆಂಜೀನ್ ಉಂಗುರಗಳ ಎಲೆಕ್ಟ್ರಾನ್ ಮೋಡಕ್ಕೂ ಬರಿಮೈಯ ಧನ ಅಯಾನಿಗೂ ಸೆಳೆತವಿದೆ. ಹೀಗೆ ಹಾಳೆಗೆ ಅಂಟಿದ ಅಣುವನ್ನು ಬ್ಯಾಕ್ಟೀರಿಯಾ ಕಿತ್ತು ತಿನ್ನುವುದು ಕಷ್ಟ. ಸತುವಿನದು ಇನ್ನೊಂದು ದೋಷ. ಹೆಚ್ಚಾದರೆ ಅದು ಬ್ಯಾಕ್ಟೀರಿಯಾಗಳಿಗೆ ವಿಷ.

ಇದೇ ತಂಡದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಇಷ್ಟ, ಏಕೆಂದರೆ ಅದು ಜಾಣತನ ಮುಗ್ಗರಿಸಿದ ಕಥೆ. ಜೇಡಿ ನೀರನ್ನು ಇಷ್ಟಪಡುವ ವಸ್ತು, ಎಣ್ಣೆಯನ್ನಲ್ಲ. ಹಾಗಾದರೆ ಅದನ್ನೇ ಎಣ್ಣೆಪ್ರಿಯವಾಗಿಸಿದರೆ? ಸೋಡಿಯಂ ಬಿಡಿಸಿ, ಉದ್ದ ಇಂಗಾಲದ ಬಾಲವಿರುವ ಅಮೋನಿಯಂ ಲವಣವನ್ನು ಪದರಗಳಲ್ಲಿ ತುಂಬಿದರೆ ‘ಆರ್ಗ್ಯಾನೊಕ್ಲೇ’ ಸಿದ್ಧ. ಎಣ್ಣೆ ಬೆರೆತ ಕೊಳಕು ನೀರನ್ನು ಶುದ್ಧ ಮಾಡಲು ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಾರೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಣ್ಣೆಯನ್ನು ಹತ್ತಿರ ಸೆಳೆಯುವ ಮಣ್ಣು ತಿನ್ನುವ ಜೀವಿಗಳಿಗೂ ಒಳ್ಳೆಯದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಾಟಲಿಯಲ್ಲಿ ಆದದ್ದು ತದ್ವಿರುದ್ಧ. ಏನೂ ಮಾಡದ ಸಾದಾ ಸೋಡಿಯಂ ಮಾಂಟ್‌ಮೊರಿಲ್ಲೊನೈಟ್ ವಿಘಟನೆಯನ್ನು ಹೆಚ್ಚಿಸಿತು, ಅದರಿಂದಲೇ ಮಾಡಿದ ಆರ್ಗ್ಯಾನೊಕ್ಲೇ ತಡೆಯಿತು. ಎಣ್ಣೆ ಆ ಬಾಲಗಳ ಪೊದೆಯಲ್ಲಿ ಎಷ್ಟು ಚೆನ್ನಾಗಿ ಬೆರೆತುಹೋಯಿತೆಂದರೆ ಬ್ಯಾಕ್ಟೀರಿಯಾಗೆ ಸಿಗದಾಯಿತು ಎಂಬುದು ಸಂಶೋಧಕರ ವಿವರಣೆ. ಬಳಸಿದ ಲವಣ ನೆಲ ಒರೆಸುವ ಕ್ರಿಮಿನಾಶಕಗಳ ಜಾತಿಯದ್ದೇ ಎಂಬುದನ್ನೂ ಮರೆಯಬಾರದು. ಅಡುಗೆ ಎಣ್ಣೆಯ ಬಣ್ಣ ತೆಗೆಯಲು ಬಳಸುವ ಆಮ್ಲ ಬೆರೆಸಿದ ಜೇಡಿಯ ಹಣೆಬರಹವೂ ಭಿನ್ನವಲ್ಲ. ಹುಳಿ ಜಾಸ್ತಿ, ಬ್ಯಾಕ್ಟೀರಿಯಾಗೆ ಆಗಿಬರುವುದಿಲ್ಲ.

ರಸ್ತೆಯಲ್ಲಿ ಲಾರಿಯಿಂದ ಡೀಸೆಲ್ ಸೋರಿದರೆ ಯಾರೋ ಒಂದು ಬುಟ್ಟಿ ಮಣ್ಣು ತಂದು ಸುರಿಯುತ್ತಾರೆ. ಗ್ಯಾರೇಜಿನ ಹುಡುಗರು ಕೈಯ ಗ್ರೀಸನ್ನು ಮಣ್ಣು ಹಾಕಿ ಉಜ್ಜುತ್ತಾರೆ. ರಸ್ತೆ ಜಾರುವುದು ನಿಲ್ಲುತ್ತದೆ, ಕೈ ಸ್ವಚ್ಛವಾಗುತ್ತದೆ, ಎಣ್ಣೆ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಎಣ್ಣೆ ಸೋರಿದ ಜಾಗದ ಶುದ್ಧೀಕರಣದ ಲೆಕ್ಕಪತ್ರದಲ್ಲಿ ಅತಿ ಸುಲಭವಾಗಿ ಆಗುವ ಮೋಸವೂ ಇದೇ. ನೀರಿನಲ್ಲಿ ಎಣ್ಣೆ ಕಡಿಮೆಯಾಗಿದೆ ಎಂದು ವರದಿ ಬರೆಯುವುದು ಸುಲಭ. ತಿಂದು ಮುಗಿದದ್ದೋ, ಅಡಗಿ ಕುಳಿತದ್ದೋ?

ಪತ್ತೆ ಮಾಡಲು ದಾರಿಗಳಿವೆ. ಒಂದು, ಬ್ಯಾಕ್ಟೀರಿಯಾಗಳನ್ನು ಕೊಂದು ಮಿಕ್ಕೆಲ್ಲವನ್ನೂ ಹಾಗೆಯೇ ಇಟ್ಟ ಜೋಡಿ ಬಾಟಲಿ. ಅದರಲ್ಲೂ ಎಣ್ಣೆ ಕಡಿಮೆಯಾದರೆ ಅದು ಮಣ್ಣಿನ ಕೆಲಸ. ಇನ್ನೊಂದು ಹೋಪೇನ್ ಎಂಬ ಅಣುವಿನ ಆಸರೆ. ಪ್ರಾಚೀನ ಬ್ಯಾಕ್ಟೀರಿಯಾಗಳ ಪೊರೆಯಿಂದ ಕಚ್ಚಾತೈಲಕ್ಕೆ ಬಂದ ಈ ಗಟ್ಟಿಮುಟ್ಟಾದ ಅಣುವನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ತಿನ್ನುವುದಿಲ್ಲ. ಆಲ್ಕೇನ್‌ಗಳು ಹೋಪೇನಿನ ಹೋಲಿಕೆಯಲ್ಲಿ ಕಡಿಮೆಯಾಗಿದ್ದರೆ ಯಾರೋ ಆಯ್ದು ತಿಂದಿದ್ದಾರೆ ಎಂದರ್ಥ, ಎರಡೂ ಒಟ್ಟಿಗೆ ಇಳಿದಿದ್ದರೆ ಎಣ್ಣೆ ಇಡಿಯಾಗಿ ಎಲ್ಲಿಗೋ ಸರಿದಿದೆ ಎಂದರ್ಥ. ಅಲಾಸ್ಕಾದ ದಡಗಳಲ್ಲಿ ಗೊಬ್ಬರ ನಿಜಕ್ಕೂ ಫಲ ಕೊಟ್ಟಿತೇ ಎಂಬುದನ್ನೂ ಹೋಪೇನನ್ನೇ ಅಳತೆಗೋಲಾಗಿ ಇಟ್ಟುಕೊಂಡು ನೋಡಿದ್ದರು.

ಅಂಟಿಕೊಳ್ಳುವುದೆಲ್ಲ ಕೆಟ್ಟದ್ದೂ ಅಲ್ಲ. ಹೊಸದಾಗಿ ಚೆಲ್ಲಿದ ಎಣ್ಣೆಯ ಹಗುರ ಅಂಶಗಳು ಬ್ಯಾಕ್ಟೀರಿಯಾಗಳಿಗೂ ವಿಷವೇ. ಅವನ್ನು ಮಣ್ಣು ಸ್ವಲ್ಪ ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಟ್ಟರೆ ಉಪಕಾರ. ಹಿಡಿದದ್ದನ್ನು ಬಿಡದಿದ್ದರೆ ತೊಂದರೆ. ಬಡ್ಡಿಗೆ ಕೊಡುವವನಿಗೂ ಹೂತಿಡುವವನಿಗೂ ಇರುವಷ್ಟೇ ವ್ಯತ್ಯಾಸ.

ಪ್ರಯೋಗಾಲಯದ ಬಾಟಲಿಯಲ್ಲಿ ಒಂದು ಅನುಕೂಲವಿರುತ್ತದೆ. ಅಲುಗಾಡಿಸುತ್ತ ಇಟ್ಟರೆ ಆಮ್ಲಜನಕಕ್ಕೆ ಬರವಿಲ್ಲ. ಸಮುದ್ರದಲ್ಲಿ ಹಾಗಲ್ಲ. ಜೇಡಿ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಸಾಕಷ್ಟು ಮಣ್ಣು ಹತ್ತಿದ ಹನಿ ತೇಲುವುದಿಲ್ಲ, ಮುಳುಗುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ ಎಣ್ಣೆಬಾವಿ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಜನ ಸತ್ತು, 87 ದಿನ ಬಾವಿ ಉಕ್ಕುತ್ತಲೇ ಇದ್ದಾಗ, ಎಣ್ಣೆ ಜೌಗು ನೆಲಕ್ಕೆ ನುಗ್ಗದಂತೆ ತಡೆಯಲು ಮಿಸಿಸಿಪಿ ನದಿಯ ತೂಬುಗಳನ್ನು ತೆರೆದು ಸಿಹಿನೀರು ಹರಿಸಿದರು. ನೀರಿನ ಜೊತೆ ನದಿಯ ಜೇಡಿಯೂ ಬಂತು. ಅದು ಪಾಚಿಯ ಲೋಳೆ, ಎಣ್ಣೆ, ಬ್ಯಾಕ್ಟೀರಿಯಾಗಳೊಂದಿಗೆ ಸೇರಿ ಹಿಮದ ಹಳುಕಿನಂತೆ ಕೊಲ್ಲಿಯ ತಳಕ್ಕೆ ಉದುರಿತು. ಮೇಲೆ ಕಣ್ಣಿಗೆ ಕಾಣುತ್ತಿದ್ದ ಎಣ್ಣೆಯ ಒಂದು ಪಾಲು ಕೆಳಗೆ, ಹವಳಗಳ ಮೇಲೆ, ಕೆಸರಿನ ಹಾಸಿನಲ್ಲಿ ಹೋಗಿ ಕುಳಿತಿತು.

ಎಣ್ಣೆಯನ್ನು ಬೇಕೆಂದೇ ಮುಳುಗಿಸುವ ಯೋಚನೆ ಹಳೆಯದು. 1967ರಲ್ಲಿ ‘ಟೊರಿ ಕ್ಯಾನಿಯನ್’ ಎಂಬ ತೈಲದ ಹಡಗು ಒಡೆದಾಗ ಫ್ರೆಂಚರು ಸಾವಿರಾರು ಟನ್ ಸೀಮೆಸುಣ್ಣದ ಪುಡಿ ಸುರಿದು ಎಣ್ಣೆಯನ್ನು ತಳಕ್ಕೆ ಇಳಿಸಿದ್ದರು. ಅಮೆರಿಕದಲ್ಲಿ ಇಂಥ ಮುಳುಗಿಸುವ ವಸ್ತುಗಳ ಬಳಕೆ ಈಗ ನಿಷಿದ್ಧ. ಜೇಡಿ ಹಾಕಬೇಕೆನ್ನುವವರು ಆದ್ದರಿಂದಲೇ ಅಲೆಯಿರುವ, ಗಾಳಿ ಬೆರೆಯುವ, ಆಳವಿಲ್ಲದ ಜಾಗ ನೋಡಿಕೊಳ್ಳಬೇಕು. ಪೂರ್ತಿ ಗಾಳಿಯಿಲ್ಲದ ಕೆಸರಿನಲ್ಲೂ ಬ್ಯಾಕ್ಟೀರಿಯಾಗಳು ಕೈಕಟ್ಟಿ ಕೂರುವುದಿಲ್ಲ ಎಂಬುದು ನಿಜ. ಕೆಲವು ಜೇಡಿಗಳ ಹಾಳೆಯೊಳಗೇ ಕಬ್ಬಿಣವಿರುತ್ತದೆ, ಕಣಗಳ ಮೈಮೇಲೆ ತುಕ್ಕಿನ ಲೇಪವಿರುತ್ತದೆ. ಆಮ್ಲಜನಕದ ಬದಲು ಆ ಕಬ್ಬಿಣವನ್ನೇ ‘ಉಸಿರಾಡುವ’ ಜಿಯೊಬ್ಯಾಕ್ಟರ್‌ನಂಥ ಜೀವಿಗಳಿವೆ. 1979ರಲ್ಲಿ ಪೈಪು ಒಡೆದು ಎಣ್ಣೆ ಇಂಗಿದ ಅಮೆರಿಕದ ಬೆಮಿಜಿ ಎಂಬಲ್ಲಿ ದಶಕಗಳಿಂದ ನೆಲದಡಿಯಲ್ಲಿ ಈ ಕೆಲಸ ನಡೆಯುತ್ತಿರುವುದನ್ನು ಭೂವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ. ದಶಕಗಳಿಂದ ಎಂಬ ಮಾತಿನಲ್ಲೇ ಅದರ ವೇಗವೂ ತಿಳಿಯುತ್ತದೆ.

ಮಣ್ಣಿನ ಮೇಲೆ ಕುರುಡು ಭರವಸೆ ಇಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ನೈಜೀರಿಯಾದ ಒಗೊನಿಲ್ಯಾಂಡಿಗೆ ಹೋಗಬೇಕು. ನೈಜರ್ ನದಿಯ ಮುಖಜಭೂಮಿಯ ಈ ಸೀಮೆಯಲ್ಲಿ ದಶಕಗಳ ಕಾಲ ಎಣ್ಣೆ ಸೋರಿತು. ಅಲ್ಲಿ ಅನುಸರಿಸಿದ ಶುದ್ಧೀಕರಣ ಪದ್ಧತಿಯೆಂದರೆ ಎಣ್ಣೆ ಬಿದ್ದ ಮೇಲ್ಮಣ್ಣನ್ನು ಉತ್ತು, ಗೊಬ್ಬರ ಹಾಕಿ, ಏರಿ ಕಟ್ಟಿ ಗಾಳಿಗೆ ಬಿಡುವುದು, ಉಳಿದದ್ದನ್ನು ಬ್ಯಾಕ್ಟೀರಿಯಾಗಳು ನೋಡಿಕೊಳ್ಳುತ್ತವೆ ಎಂದು. ಕೆಳಗೆ ಜೇಡಿಯ ಪದರವಿದೆ, ಎಣ್ಣೆ ಅದನ್ನು ದಾಟಿ ಇಳಿಯುವುದಿಲ್ಲ ಎಂಬ ನಂಬಿಕೆ ಆ ಪದ್ಧತಿಯ ಬುಡದಲ್ಲಿತ್ತು. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ತನ್ನ ಸಮೀಕ್ಷೆಯನ್ನು ಪ್ರಕಟಿಸಿತು. ನೆಲ ಕೊರೆದು ನೋಡಿದಾಗ ಒಗೊನಿಲ್ಯಾಂಡಿನ ಉದ್ದಗಲಕ್ಕೆ ಹಬ್ಬಿದ ಅಖಂಡ ಜೇಡಿಯ ಪದರವೇ ಇರಲಿಲ್ಲ. 49 ಕಡೆ ಎಣ್ಣೆ ಕನಿಷ್ಠ ಐದು ಮೀಟರ್ ಆಳಕ್ಕೆ ಇಳಿದು ಅಂತರ್ಜಲದ ದಾರಿ ಹಿಡಿದಿತ್ತು. ನೇಗಿಲು ಮುಟ್ಟಿದ್ದು ಮೇಲಿನ ಮಣ್ಣನ್ನು. ಗೊಬ್ಬರ, ಗಾಳಿ, ಬ್ಯಾಕ್ಟೀರಿಯಾ ಎಲ್ಲ ಅಲ್ಲೇ ಇದ್ದವು, ಎಣ್ಣೆ ಕೆಳಗಿತ್ತು.